ಮಳೆಗಾಲದ ಕರಾವಳಿ: ಸೂರಿನ ಕೆಳಗೆ ನೋಡುವಂಥವು

ಮಡಕಶಿರಾ, ಅಮರಾಪುರ, ರಾಯದುರ್ಗದ ಕಡೆಯ ನಮಗೆ ಮಳೆಯೆಂದರೆ ಎಷ್ಟು ಎಂಬುದು ತಮಗೆಲ್ಲ ತಿಳಿದೇ ಇದೆ. ಅನಂತಪುರದ ಸೀಮೆಗೆ ಇಡೀ ವರ್ಷಕ್ಕೆ ಬೀಳುವುದು ಸುಮಾರು 550 ಮಿಲಿಮೀಟರ್, ಅಂದರೆ ಹಿಂದಿನವರ ಲೆಕ್ಕದಲ್ಲಿ 22 ಅಂಗುಲ. ಮಂಗಳೂರಿನಲ್ಲಿ ಜುಲೈ ತಿಂಗಳೊಂದರಲ್ಲೇ ಸಾವಿರ ಮಿಲಿಮೀಟರ್ ದಾಟುತ್ತದೆ. ನಮ್ಮ ಊರುಗಳಲ್ಲಿ ನಾಲ್ಕು ಹನಿ ಬಿದ್ದರೆ ಮನೆಯೊಳಗಿದ್ದವರೆಲ್ಲ ಜಗಲಿಗೆ ಬಂದು ಆಕಾಶ ನೋಡುತ್ತೇವೆ. ಮಕ್ಕಳನ್ನು ಒಳಗೆ ಬಾ ಎಂದು ಯಾರೂ ಕರೆಯುವುದಿಲ್ಲ. ಕರಾವಳಿಯವರಿಗೆ ಮಳೆ ಬಂತೆಂದರೆ ಒಳಗೆ ಇರುವ ಕಾಲ. ಆಟಿ ಎಂದು ಅವರು ಕರೆಯುವ ಆ ತಿಂಗಳಿಗೆ ಹಪ್ಪಳ, ಒಣಸೌದೆ, ಉಪ್ಪಿನಕಾಯಿ ಎಲ್ಲವನ್ನೂ ಬೇಸಿಗೆಯಲ್ಲೇ ಕೂಡಿಟ್ಟುಕೊಂಡಿರುತ್ತಾರೆ.

ನಮ್ಮ ಕಡೆಯವರು ಧರ್ಮಸ್ಥಳ, ಸುಬ್ರಹ್ಮಣ್ಯ, ಉಡುಪಿ ಎಂದು ಹೊರಡುವುದೂ ಅನೇಕ ವೇಳೆ ಅದೇ ತಿಂಗಳಲ್ಲಿ. ಕಾರಣ ಸರಳ. ಹದವಾದ ಮಳೆ ಬಾರದೆ ಕಡಲೆಕಾಯಿ ಬಿತ್ತನೆ ನಿಂತರೆ ಕೈಯಲ್ಲಿ ಕೆಲಸವಿರುವುದಿಲ್ಲ, ಮನಸ್ಸಿನಲ್ಲಿ ಹರಕೆ ಇರುತ್ತದೆ. ಹೋಗಿ ದರ್ಶನ ಮಾಡಿ, ಮಳೆಯಿಂದ ಲಾಡ್ಜಿನಲ್ಲಿ ಕೂತು, ಏನೂ ನೋಡದೆ ವಾಪಸ್ ಬಂದವರನ್ನು ನಾನು ಬಹಳ ಮಂದಿಯನ್ನು ಬಲ್ಲೆ. ಅಂಥವರಿಗಾಗಿಯೇ ಈ ನಾಲ್ಕು ಮಾತು.

2023ರ ಜುಲೈನಲ್ಲಿ ಹೇಮಾವತಿಯಿಂದ ನಾವು ಹನ್ನೊಂದು ಜನ ಒಂದು ಟೆಂಪೋ ಮಾಡಿಕೊಂಡು ಧರ್ಮಸ್ಥಳಕ್ಕೆ ಹೊರಟೆವು. ನನ್ನ ಅಕ್ಕಯ್ಯ ಮಳೆಗಾಗಿ ಹರಕೆ ಹೊತ್ತಿದ್ದಳು. ನನ್ನ ಜೊತೆಗೆ ಮಗನ ಮಗ, ಏಳನೇ ತರಗತಿ ಹುಡುಗ. ದರ್ಶನ, ಊಟ ಎಲ್ಲ ಸಾಂಗವಾಗಿ ಆಯಿತು. ಆಮೇಲೆ ಶುರುವಾಯಿತು ನೋಡಿ. ನೇತ್ರಾವತಿ ಕೆಂಪಗೆ ತುಂಬಿ ಹರಿಯುತ್ತಿತ್ತು, ಸ್ನಾನಘಟ್ಟದ ಹತ್ತಿರ ಯಾರನ್ನೂ ಬಿಡುತ್ತಿರಲಿಲ್ಲ. ಒಂದು ದಿನ ಪೂರ್ತಿ ರೂಮಿನಲ್ಲಿ ಕೂತೆವು. ಒಗೆದ ಪಂಚೆ ಒಣಗಲಿಲ್ಲ. ಹುಡುಗ ಕಿಟಕಿಯ ಸರಳು ಹಿಡಿದು ನಿಂತಿದ್ದ. ಅಕ್ಕಯ್ಯ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಲೋ ತಮ್ಮ, ಮಳೆ ಕೇಳಾಕೆ ಬಂದು ಮಳೇಗೆ ಹೆದರಿಕೊಂಡು ಕೂತೀವಲ್ಲೋ. ಇದ್ರಲ್ಲಿ ಒಂದು ದಿನದ್ದು ನಮ್ಮ ಹೊಲಕ್ಕೆ ಬಿದ್ದಿದ್ರೆ ಸಾಕಿತ್ತು" ಅಂದಳು. ಟೆಂಪೋದವನು ನಾಳೆ ಬೆಳಿಗ್ಗೆ ಊರಿಗೆ ಹೊರಟುಬಿಡೋಣ ಸಾರ್ ಎಂದ. ಎಲ್ಲರೂ ಹೂಂ ಅಂದರು.

ನಾನು ಬೇಡ ಎಂದೆ. ಅದಕ್ಕೆ ಕಾರಣ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1983ರಿಂದ 1987ರವರೆಗೆ ನಾನು ಕಾರ್ಕಳ ತಾಲೂಕಿನ ಒಂದು ಹಳ್ಳಿ ಶಾಖೆಯಲ್ಲಿ ಗುಮಾಸ್ತನಾಗಿದ್ದೆ. ಎಸ್ಸೆಸ್ಸೆಲ್ಸಿ ಓದಿದವನಿಗೆ ಬ್ಯಾಂಕಿನ ಕೆಲಸ ಸಿಕ್ಕಿದ್ದೇ ದೊಡ್ಡದು, ಊರು ಯಾವುದಾದರೇನು ಎಂದು ಹೋದೆ. ಮದುವೆಯಾಗಿ ಎರಡು ತಿಂಗಳಾಗಿತ್ತು. ನನ್ನ ಹೆಂಡತಿ ನಮ್ಮ ಸೀಮೆ ಬಿಟ್ಟು ಹೊರಗೆ ಹೋದವಳಲ್ಲ. ಹಂಚಿನ ಮನೆಯ ಒಂದು ಕೋಣೆ, ಮುಂದೆ ಒಂದು ಚಾವಡಿ. ಜೂನ್ ಮೊದಲ ವಾರದಿಂದ ಸೆಪ್ಟೆಂಬರ್‌ವರೆಗೆ ಸೂರಿನ ಮೇಲೆ ಸದ್ದು ನಿಲ್ಲುತ್ತಿರಲಿಲ್ಲ. ಅವಳ ಮದುವೆಯ ಧರ್ಮಾವರಂ ಸೀರೆಗೆ ಬೂಷ್ಟು ಬಂತು. ಅಕ್ಕಪಕ್ಕದವರು ಮನೆಯಲ್ಲಿ ತುಳು ಮಾತಾಡುವವರು, ಇವಳಿಗೆ ಬರುತ್ತಿದ್ದುದು ನಮ್ಮ ಕನ್ನಡ ಮತ್ತು ತೆಲುಗು. ಭಾನುವಾರ ಬಂದರೆ, "ರೀ, ಎಲ್ಲಿಗಾದ್ರೂ ಹೋಗಿ ಬರೋಣ" ಅನ್ನುತ್ತಿದ್ದಳು. "ಈ ಮಳೇಲಿ ಎಲ್ಲಿಗೆ ಹೋಗೋದು?" ಎಂದು ನಾನು ಪೇಪರು ಹಿಡಿಯುತ್ತಿದ್ದೆ. ನಾಲ್ಕು ಮಳೆಗಾಲ ಇದೇ ಉತ್ತರ ಕೊಟ್ಟೆ. ಅವಳು 2016ರಲ್ಲಿ ತೀರಿಕೊಂಡಳು. ಆ ಮಳೆಯಲ್ಲಿ ಹೋಗಬಹುದಾದ ಜಾಗಗಳು ಎಷ್ಟಿದ್ದವು, ಎಷ್ಟು ಹತ್ತಿರ ಇದ್ದವು ಎಂಬುದನ್ನು ನಾನು ಕಣ್ಣಾರೆ ನೋಡಿದ್ದು ಮೂವತ್ತಾರು ವರ್ಷ ಆದಮೇಲೆ, ಅಕ್ಕಯ್ಯನ ಜೊತೆ.

ಮೊದಲು ಧರ್ಮಸ್ಥಳದಲ್ಲೇ ಇರುವುದನ್ನು ಹೇಳಿಬಿಡುತ್ತೇನೆ. ದೇವಸ್ಥಾನದ ಹತ್ತಿರ ಮಂಜೂಷಾ ಎಂಬ ವಸ್ತುಸಂಗ್ರಹಾಲಯವಿದೆ, ಡಾ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ್ದು. ಓಲೆಗರಿ ಗ್ರಂಥ, ಹಳೆಯ ಕ್ಯಾಮೆರಾ, ದೇವರ ಸಾಮಾನು, ಹಿತ್ತಾಳೆ ಪಾತ್ರೆ, ಹೀಗೆ ನೋಡುತ್ತ ಹೋದರೆ ಅರ್ಧ ದಿನ ಬೇಕು. ಹಳೆಯ ಕಾರುಗಳನ್ನೂ ಬೇರೆಯಾಗಿ ಇಟ್ಟಿದ್ದಾರೆ. ರೂಮಿನಲ್ಲಿ ಕೂತಿದ್ದ ಹುಡುಗ ಅಲ್ಲಿಂದ ಈಚೆಗೆ ಬರಲೊಲ್ಲ. ನಮ್ಮ ಟೆಂಪೋದವನೂ ಅಷ್ಟೇ, ಊರಿಗೆ ಹೊರಡುವ ಮಾತನ್ನೇ ಮತ್ತೆ ಎತ್ತಲಿಲ್ಲ.

ಮಾರನೆಯ ದಿನ ಮೂಡಬಿದಿರೆಗೆ ಹೋದೆವು. ನಾನಿದ್ದ ಹಳ್ಳಿಯಿಂದ ಇದು ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಅಲ್ಲಿನ ಸಾವಿರ ಕಂಬದ ಬಸದಿ 1430ರಲ್ಲಿ ಕಟ್ಟಿದ್ದು. ತ್ರಿಭುವನ ತಿಲಕ ಚೂಡಾಮಣಿ ಎಂಬುದು ಅದರ ಪೂರ್ಣ ಹೆಸರು, ಒಳಗೆ ಚಂದ್ರನಾಥ ಸ್ವಾಮಿ. ನಮ್ಮ ಕಡೆಯ ಗುಡಿಗಳ ಹಾಗೆ ಇದಕ್ಕೆ ಗೋಪುರವಿಲ್ಲ. ಆ ಮಳೆಗೆ ತಕ್ಕಂತೆ ಇಳಿಜಾರಿನ ಮಾಡುಗಳನ್ನು ಮೂರು ಅಂತಸ್ತಾಗಿ ಇಟ್ಟಿದ್ದಾರೆ, ದೂರದಿಂದ ನೋಡಿದರೆ ನೇಪಾಳದ ಕಟ್ಟಡವನ್ನು ಕಂಡಂತಾಗುತ್ತದೆ. ಮಾಡಿನಿಂದ ನೀರು ಹಗ್ಗ ಬಿಟ್ಟ ಹಾಗೆ ಸುತ್ತಲೂ ಇಳಿಯುತ್ತಿದೆ, ನಾವು ಒಳಗೆ ಒಣ ಕಲ್ಲಿನ ಮೇಲೆ ನಡೆಯುತ್ತಿದ್ದೇವೆ. ಮಳೆಯಲ್ಲಿ ನೋಡಬೇಕಾದ ಕಟ್ಟಡ ಅದು ಎಂದು ನನಗೆ ಅನಿಸಿತು. ಬಿಸಿಲಿನಲ್ಲಿ ಹೋದವರಿಗೆ ಆ ಮಾಡುಗಳು ಯಾಕೆ ಹಾಗಿವೆ ಎಂಬುದೇ ತಿಳಿಯುವುದಿಲ್ಲ.

ಕಂಬಗಳ ವಿಷಯಕ್ಕೆ ಬರುತ್ತೇನೆ. ಒಂದರ ಕೆತ್ತನೆ ಇನ್ನೊಂದಕ್ಕಿಲ್ಲ ಎಂಬುದು ಆ ಬಸದಿಯ ಪ್ರಸಿದ್ಧಿ. ಅಕ್ಕಯ್ಯ ಒಂದು ಕಂಬದ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ನಿಂತಳು. ಆಮೇಲೆ, "ನಮ್ಮೂರ ಕಂಬ ಇದಕ್ಕಿಂತ ನುಣುಪು ಐತೆ ಅಲ್ವೇನೋ?" ಎಂದು ಕೇಳಿದಳು.

ಕೇಳುವ ಹೇಮಾವತಿಯವರು ಇದನ್ನು ಹೆಮ್ಮೆಯ ಮಾತು ಎಂದುಕೊಳ್ಳಬಾರದು, ಅದು ನಿಜ. ನಮ್ಮ ಊರು ಒಂದು ಕಾಲಕ್ಕೆ ಹೆಂಜೇರು, ನೊಳಂಬ ಪಲ್ಲವರ ರಾಜಧಾನಿ, ನೊಳಂಬವಾಡಿ ಮೂವತ್ತೆರಡು ಸಾವಿರ ಎಂದು ಶಾಸನಗಳು ಕರೆಯುವ ನಾಡಿನ ತಲೆಯೂರು. ಒಂಬತ್ತು, ಹತ್ತನೇ ಶತಮಾನದ ಕರಿಕಲ್ಲಿನ ಕಂಬಗಳು ಈಗಲೂ ಕನ್ನಡಿಯಂತಿವೆ. ದೊಡ್ಡೇಶ್ವರನ ಗುಡಿಯ ಜಾಲಂಧ್ರದ ಕಿಟಕಿಗಳಲ್ಲಿ ಕಲ್ಲನ್ನು ಕೊರೆದು ದೇವತೆಗಳನ್ನು ನಿಲ್ಲಿಸಿದ್ದಾರೆ. ಹೆಂಜೇರಿನ ಸಿದ್ದಪ್ಪನ ದರ್ಶನಕ್ಕೆ ಬರುವವರಲ್ಲಿ ಎಷ್ಟು ಮಂದಿ ಆ ಕಿಟಕಿಯ ಮುಂದೆ ನಿಲ್ಲುತ್ತಾರೆ? ಮೂಡಬಿದಿರೆಯ ಕಂಬಗಳು ಆರುನೂರು ವರ್ಷ ಹತ್ತಿರ ಹತ್ತಿರ ಒಂದೇ ಸೂರಿನ ಕೆಳಗೆ ನಿಂತಿವೆ. ನಮ್ಮವು ಹಾಗೆ ನಿಲ್ಲಲಿಲ್ಲ. ಚೋಳರು ನೊಳಂಬವಾಡಿಯನ್ನು ಗೆದ್ದಾಗ ಇಲ್ಲಿಂದ ಸಾಗಿಸಿದ ಕಂಬಗಳು ಎಂದು ವಿದ್ವಾಂಸರು ಗುರುತಿಸಿರುವಂಥವು ತಂಜಾವೂರಿನ ಹತ್ತಿರ ತಿರುವೈಯಾರಿನ ದೇವಾಲಯದಲ್ಲಿ ಸಾಲಾಗಿವೆ. ಬ್ರಿಟಿಷರ ಕಾಲದಲ್ಲಿ ಇನ್ನಷ್ಟು ಶಿಲ್ಪ ಮದರಾಸಿನ ಸರ್ಕಾರಿ ಮ್ಯೂಸಿಯಂ ಸೇರಿದವು. ಆ ಶಿಲ್ಪಗಳ ಮೇಲೆಯೇ ಸಿ. ಶಿವರಾಮಮೂರ್ತಿಯವರು 1964ರಲ್ಲಿ ಒಂದು ಪುಸ್ತಕ ಬರೆದರು. ಗುಡಿಯ ಬಳಿ ಸಿಕ್ಕ ಉಳಿದ ವಿಗ್ರಹಗಳನ್ನು ನಮ್ಮ ಊರಿನಲ್ಲೇ ಒಂದು ಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ನನ್ನ ಮೊಮ್ಮಗ ಅದರ ಬಾಗಿಲು ದಾಟಿದ್ದು ಕರಾವಳಿಯಿಂದ ವಾಪಸ್ ಬಂದಮೇಲೆಯೇ. ತಪ್ಪು ಅವನದಲ್ಲ, ಕರೆದುಕೊಂಡು ಹೋಗಬೇಕಾಗಿದ್ದವನು ನಾನು.

ಅದೇ ಹುಡುಗನ ಇನ್ನೊಂದು ಸಂಗತಿ. ಅವನ ಓದು ಇಂಗ್ಲಿಷ್ ಮತ್ತು ತೆಲುಗು. ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಅಕ್ಷರ ಕಲಿತಿಲ್ಲ. ನಮ್ಮ ಗಡಿಯ ಹಳ್ಳಿಗಳಲ್ಲಿ ಇಂಥ ಮಕ್ಕಳು ಎಷ್ಟೋ. ಬಸದಿಯ ಹತ್ತಿರ ಒಂದು ಬೋರ್ಡಿನ ಮುಂದೆ ನಿಂತು ತೆಲುಗು ಅಕ್ಷರದ ಬಲದ ಮೇಲೆ "ಬ...ಸ...ದಿ" ಎಂದು ಕೂಡಿಸಿ ಓದಿಬಿಟ್ಟ. ಆ ಮೂರೂ ಅಕ್ಷರ ಎರಡು ಲಿಪಿಗಳಲ್ಲಿ ಹೆಚ್ಚುಕಡಿಮೆ ಒಂದೇ, ತಲಕಟ್ಟು ಮಾತ್ರ ಬೇರೆ. ಮುಂದಿನ ಸಾಲಿನಲ್ಲಿ "ಕಂಬ" ಎಂದಿತ್ತು. "ತಾತ, ಇದೇನು ಅಕ್ಷರ?" ಎಂದು ಕ ಅಕ್ಷರದ ಹತ್ತಿರ ಸಿಕ್ಕಿಕೊಂಡ. ಹೇಳಿಕೊಟ್ಟೆ. ಆಮೇಲೆ ಊರು ಸೇರುವತನಕ ದಾರಿಯ ಅಂಗಡಿ ಬೋರ್ಡುಗಳಲ್ಲಿ ಕ ಹುಡುಕುವುದೇ ಕೆಲಸವಾಯಿತು. ಬಸದಿಯೊಳಗಿನ ಶಾಸನದ ಕಲ್ಲಿನಲ್ಲೂ ಬಗ್ಗಿ ಹುಡುಕಿದ, ಎರಡು ಮೂರು ಅಕ್ಷರ ಹಿಡಿದ. ಏಳೆಂಟು ನೂರು ವರ್ಷದ ಹಿಂದೆ ನಮ್ಮ ಎರಡು ಭಾಷೆಗೂ ಒಂದೇ ಲಿಪಿ ಇತ್ತು ಎಂದು ಹೇಳಿದರೆ ಅವನು ನಂಬಲಿಲ್ಲ, ಮೇಷ್ಟ್ರನ್ನು ಕೇಳುತ್ತೇನೆ ಎಂದ.

ಮೂಡಬಿದಿರೆಯ ಜೈನ ಮಠದಲ್ಲಿಯೇ ಧವಲಾ, ಜಯಧವಲಾ, ಮಹಾಧವಲಾ ಎಂಬ ತಾಳೆಗರಿಯ ಗ್ರಂಥಗಳು ನೂರಾರು ವರ್ಷ ಉಳಿದು ಬಂದವು. ಕಾಗದಕ್ಕೇ ಬೂಷ್ಟು ಹಿಡಿಯುವ ಆ ತೇವದ ನಾಡಿನಲ್ಲಿ ಗರಿಗಳನ್ನು ಹಾಳಾಗದಂತೆ ಕಾಪಾಡಿದ್ದು ಸಾಮಾನ್ಯ ಕೆಲಸವಲ್ಲ. ನಾನು ನಾಲ್ಕು ವರ್ಷ ಲೆಡ್ಜರು ಕಾಪಾಡಿದವನು, ಅದರ ಕಷ್ಟ ಬಲ್ಲೆ. ಮಳೆಗಾಲದಲ್ಲಿ ಲೆಡ್ಜರಿನ ಪುಟಗಳು ಒಂದಕ್ಕೊಂದು ಅಂಟಿಕೊಂಡು, ಶಾಯಿ ಹರಡಿ, ಒಂದರ ಮುಂದೆ ಸೊನ್ನೆಯೋ ಆರೋ ಎಂದು ದೀಪ ಹಿಡಿದು ನೋಡುತ್ತಿದ್ದೆವು.

ಉಡುಪಿಯಲ್ಲಿ ಕೃಷ್ಣನ ದರ್ಶನಕ್ಕೆ ಮಳೆ ಅಡ್ಡಿಯಿಲ್ಲ, ಅದನ್ನು ನಾನು ಹೇಳಬೇಕಾಗಿಯೂ ಇಲ್ಲ. ಆದರೆ ಅಲ್ಲಿ ಒಂದು ಹಳೆಯ ಮನೆಯಲ್ಲಿ ಬ್ಯಾಂಕಿನ ನಾಣ್ಯ ಸಂಗ್ರಹಾಲಯವಿದೆ, ಅದರ ಬಗ್ಗೆ ಹೇಳದೆ ಮುಂದೆ ಹೋದರೆ ನನ್ನ ಜಾತಿಯವರು, ಅಂದರೆ ಗುಮಾಸ್ತರು, ಬೈಯುತ್ತಾರೆ. 1906ರ ಮಾರ್ಚ್ 12ರಂದು ಹಾಜಿ ಅಬ್ದುಲ್ಲಾ ಸಾಹೇಬರು ಮತ್ತು ಊರಿನ ಕೆಲವರು ಸೇರಿ ಆರಂಭಿಸಿದ ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ ಮೊದಲ ದಿನ ಸಂಜೆ ಪೆಟ್ಟಿಗೆ ಮುಚ್ಚುವಾಗ ಕೂಡಿಸಿದ್ದ ಹಣ 38 ರೂಪಾಯಿ 13 ಆಣೆ 2 ಪೈ. ಮುಂದೆ ಅದೇ ಕಾರ್ಪೊರೇಶನ್ ಬ್ಯಾಂಕ್ ಆಯಿತು. ಸಾಹೇಬರು ಬಾಳಿದ ಮನೆಯಲ್ಲಿ ಆ ಸಂಗ್ರಹಾಲಯ ತೆರೆದದ್ದು 2011ರಲ್ಲಿ. 2020ರ ಏಪ್ರಿಲ್ 1ರಂದು ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ಲೀನವಾಯಿತು. ಅದೇ ದಿನ ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿಗೆ ಸೇರಿತು. ದಿನಕ್ಕೆ ಎರಡಾಣೆ ಕೂಡಿಸುವ ಪಿಗ್ಮಿ ಠೇವಣಿಯನ್ನು 1928ರಲ್ಲಿ ತಂದದ್ದು ಈ ಸಿಂಡಿಕೇಟ್‌ನವರು. ಪಿಗ್ಮಿ ಏಜೆಂಟರು ಆ ಜಡಿಮಳೆಯಲ್ಲಿ ಕೊಡೆ ಹಿಡಿದು, ರಸೀದಿ ಪುಸ್ತಕವನ್ನು ಅಂಗಿಯ ಒಳಗೆ ಇಟ್ಟುಕೊಂಡು ಮನೆ ಮನೆಗೆ ನಡೆಯುತ್ತಿದ್ದುದನ್ನು ನಾನೇ ನೋಡಿದ್ದೇನೆ.

ಉಡುಪಿಯ ಪಕ್ಕದ ಮಣಿಪಾಲದಲ್ಲಿ ಹಸ್ತಶಿಲ್ಪ ಎಂಬ ಹಳೆಯ ಮನೆಗಳ ಗ್ರಾಮವಿದೆ. ಇದನ್ನು ಮಾಡಿದವರು ವಿಜಯನಾಥ ಶೆಣೈ, ಬ್ಯಾಂಕಿನಲ್ಲಿ ನೌಕರಿ ಮಾಡಿದವರು. ಜನ ಹಳೆಯ ಮನೆಗಳನ್ನು ಕೆಡವಿ ತೊಲೆ, ಕಂಬ, ಬಾಗಿಲುಗಳನ್ನು ಸೌದೆಯ ಬೆಲೆಗೆ ಮಾರುತ್ತಿದ್ದ ಕಾಲದಲ್ಲಿ ಆ ಮನುಷ್ಯ ಅವನ್ನು ಕೊಂಡು, ಒಂದೊಂದು ತುಂಡಿಗೂ ಗುರುತು ಹಾಕಿ ತಂದು, ಇದ್ದ ಹಾಗೆಯೇ ಮತ್ತೆ ಎಬ್ಬಿಸಿ ನಿಲ್ಲಿಸಿದರು. 2017ರಲ್ಲಿ ತೀರಿಕೊಂಡರು. ಕುಂಜೂರಿನ ಚೌಕಿಮನೆ, ಭಟ್ಕಳದ ನವಾಯತರ ಮನೆ, ಮುಧೋಳದ ಅರಮನೆಯ ದರ್ಬಾರು, ಕುಕನೂರಿನ ಕಮಲ ಮಹಲು, ಎಲ್ಲವೂ ಅಲ್ಲಿವೆ. ನಾನು ನೌಕರಿ ಮಾಡಿದ ತಾಲೂಕಿನ ಮಿಯಾರಿನ ಮನೆಯೂ ಇದೆ. ಅದರ ಚಾವಡಿಯಲ್ಲಿ ನಿಂತಾಗ ನಮ್ಮ ಬಾಡಿಗೆ ಕೋಣೆಯ ಮುಂದಿನ ಚಾವಡಿ ನೆನಪಾಗಿ ಸ್ವಲ್ಪ ಹೊತ್ತು ಯಾರ ಜೊತೆಯೂ ಮಾತಾಡಲಿಲ್ಲ. ಅವರೂ ಬ್ಯಾಂಕಿನವರು, ನಾನೂ ಬ್ಯಾಂಕಿನವನು. ಅವರು ಭಾನುವಾರಗಳಲ್ಲಿ ಏನು ಮಾಡಿದರು, ನಾನು ಏನು ಮಾಡಿದೆ ಎಂದು ಯೋಚನೆ ಬಂತು.

ಈ ಗ್ರಾಮದಲ್ಲಿ ಮನೆಯಿಂದ ಮನೆಗೆ ಹೋಗುವಾಗ ನೆನೆಯುತ್ತೀರಿ, ಕೊಡೆ ಇರಲಿ. ಮೊದಲೇ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. ಮಣಿಪಾಲದ ವೈದ್ಯಕೀಯ ಕಾಲೇಜಿನ ಶರೀರರಚನಾ ಸಂಗ್ರಹಾಲಯವನ್ನು ಹುಡುಗರು ಕಣ್ಣರಳಿಸಿ ನೋಡುತ್ತಾರೆ. ಅಕ್ಕಯ್ಯ ಬಾಗಿಲಲ್ಲೇ ಮೊದಲ ಅಸ್ಥಿಪಂಜರ ನೋಡಿ, "ನಾನು ಹೋಗೋವಾಗ ನೋಡ್ಕಂತೀನಿ, ಈಗ ಬ್ಯಾಡ" ಎಂದು ಹೊರಗೆ ಕೂತಳು.

ಮಂಗಳೂರಿನಲ್ಲಿ ನಮಗೆ ಒಂದೇ ದಿನ ಸಿಕ್ಕಿತು. ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರದ ಗೋಡೆ, ಚಾವಣಿ ತುಂಬ ಚಿತ್ರಗಳಿವೆ. ಇಟಲಿಯಿಂದ ಬಂದ ಬ್ರದರ್ ಆಂಟೋನಿಯೋ ಮೊಸ್ಕೇನಿ ಎಂಬವರು 1899ರಿಂದ ಎರಡು ವರ್ಷದಷ್ಟು ಕಾಲದಲ್ಲಿ ಬಿಡಿಸಿದ್ದು. ಕತ್ತು ನೋಯುವವರೆಗೆ ಮೇಲೆ ನೋಡಿದೆವು. ಪಿಲಿಕುಳದಲ್ಲಿ ಪ್ರಾಣಿಗಳನ್ನು ನೋಡಲು ಮಳೆ ಬಿಡಲಿಲ್ಲ, ಆದರೆ 2018ರಲ್ಲಿ ತೆರೆದ ಸ್ವಾಮಿ ವಿವೇಕಾನಂದ ತಾರಾಲಯವಿದೆ. ಹೊರಗೆ ಆಕಾಶವೇ ಕಾಣದ ದಿನ, ಒಳಗೆ ಕುರ್ಚಿಯಲ್ಲಿ ಒರಗಿ ನಕ್ಷತ್ರ ನೋಡುವುದು. ನಮ್ಮೂರಿನಲ್ಲಿ ಬೇಸಿಗೆಯ ರಾತ್ರಿ ಅಂಗಳದಲ್ಲಿ ಚಾಪೆ ಹಾಕಿ ಮಲಗಿದರೆ ಪುಕ್ಕಟೆ ಕಾಣುವುದಕ್ಕೆ ಇಲ್ಲಿ ಟಿಕೆಟ್ಟೇ ಎಂದು ಅಕ್ಕಯ್ಯನ ತಕರಾರು. ಬೆಜೈಯಲ್ಲಿ ಹಡಗಿನ ಆಕಾರದ ಬಂಗಲೆಯಲ್ಲಿ ಶ್ರೀಮಂತಿ ಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಕರ್ನಲ್ ಮಿರಾಜಕರ್ ಎಂಬ ವೈದ್ಯರು ತಾಯಿಯ ಹೆಸರಿನಲ್ಲಿ ಮನೆಯನ್ನೇ ಕೊಟ್ಟು, 1960ರಲ್ಲಿ ಅದು ತೆರೆಯಿತು. ಹೊತ್ತು ಸಾಲದೆ ನಾವು ಹೊರಗಿನಿಂದ ಬಂಗಲೆ ಮಾತ್ರ ನೋಡಿದೆವು.

ಕೊನೆಗೆ ಹೇಳಬೇಕೆಂದು ಇಟ್ಟುಕೊಂಡಿದ್ದು ತಾಳಮದ್ದಳೆ. ಕರಾವಳಿಯ ಯಕ್ಷಗಾನ ಮೇಳಗಳು ಮೇ ಕೊನೆಯ ವಾರದ ಪತ್ತನಾಜೆಗೆ ಗೆಜ್ಜೆ ಬಿಚ್ಚಿದರೆ ಮತ್ತೆ ತಿರುಗಾಟ ದೀಪಾವಳಿಯ ನಂತರವೇ. ಬಯಲಿನಲ್ಲಿ ಆಡುವ ಆಟ ಮಳೆಯಲ್ಲಿ ಹೇಗೆ ನಡೆದೀತು? ಹಾಗೆಂದು ಅವರು ಕಥೆ ನಿಲ್ಲಿಸುವುದಿಲ್ಲ. ದೇವಸ್ಥಾನದ ಚಾವಡಿಯಲ್ಲೋ, ಶಾಲೆಯಲ್ಲೋ, ಸಭಾಭವನದಲ್ಲೋ ಭಾಗವತರು ಹಾಡುತ್ತಾರೆ, ಮದ್ದಳೆ, ಚೆಂಡೆ ಇರುತ್ತವೆ. ಎರಡು ಕಡೆ ಅರ್ಥಧಾರಿಗಳು ಪಂಚೆ, ಜುಬ್ಬಾ, ಶಾಲಿನಲ್ಲಿ ಎದುರುಬದುರಾಗಿ ಕೂರುತ್ತಾರೆ. ವೇಷವಿಲ್ಲ, ಕುಣಿತವಿಲ್ಲ. ಹಾಡಿನ ಅರ್ಥವನ್ನು ಹಿಡಿದು ಒಬ್ಬ ಕೃಷ್ಣನಾಗಿ, ಒಬ್ಬ ಕರ್ಣನಾಗಿ ಮಾತಿಗೆ ಮಾತು ಕೊಡುತ್ತಾರೆ. ಬರೆದು ಬಾಯಿಪಾಠ ಮಾಡಿದ್ದಲ್ಲ, ಆಗಿಂದಾಗ ಹುಟ್ಟುವ ಮಾತು. ಶೇಣಿ ಗೋಪಾಲಕೃಷ್ಣ ಭಟ್ಟರು, ಮಲ್ಪೆ ರಾಮದಾಸ ಸಾಮಗರು ಇದರಲ್ಲಿ ಹೆಸರಾದವರು.

1985ರ ಆಟಿಯಲ್ಲಿ ನಮ್ಮ ಮನೆಯ ಯಜಮಾನಿ ಅಮ್ಮ ನನ್ನ ಹೆಂಡತಿಯನ್ನು ಒಂದು ತಾಳಮದ್ದಳೆಗೆ ಕರೆದುಕೊಂಡು ಹೋಗಿದ್ದರು. ನನಗೆ ಅರ್ಧವಾರ್ಷಿಕ ಲೆಕ್ಕದ ಬಾಕಿ ಕೆಲಸ, ನಾನು ಹೋಗಲಿಲ್ಲ. ಮಧ್ಯರಾತ್ರಿ ಆದಮೇಲೆ ಅರ್ಧ ನೆನೆದು ಬಂದಳು. ಮುಖ ನೋಡಿದರೆ ಬೇರೆಯೇ ಹೆಂಗಸು. "ರೀ, ಬರೀ ಮಾತಲ್ಲೇ ವಾಲಿ ಸತ್ತ ಕಣ್ರೀ! ಬಾಣ ಇಲ್ಲ, ಬಿಲ್ಲಿಲ್ಲ. ರಾಮನ್ನ ಏನು ಕೇಳ್ತಾನೆ ಅಂತೀರಿ, ರಾಮನಿಗೇ ಉತ್ತರ ಬರಬಾರದು, ಹಂಗೆ ಕೇಳ್ದ" ಎಂದು ಬೆಳಗಿನ ಜಾವದವರೆಗೆ ಹೇಳಿದಳು. ನಮ್ಮ ಕಡೆ ತೊಗಲುಗೊಂಬೆಯಲ್ಲಿ ವಾಲಿಯನ್ನು ನೋಡಿ ಬೆಳೆದವಳು, ಕಥೆ ಗೊತ್ತಿತ್ತು. ಆ ಊರಿನ ವಿಷಯ ಬಂದಾಗಲೆಲ್ಲ ಸಾಯುವತನಕ ಆ ಒಂದು ರಾತ್ರಿಯನ್ನೇ ಹೇಳುತ್ತಿದ್ದಳು. ನಾಲ್ಕು ಮಳೆಗಾಲಕ್ಕೆ ಒಂದು ರಾತ್ರಿ.

ಆದ್ದರಿಂದ ನಾನು ಉಡುಪಿಯ ಲಾಡ್ಜಿನವರನ್ನು ಕೇಳಿ, ಅವರು ಯಾರನ್ನೋ ಕೇಳಿ, ಸಂಜೆ ಒಂದು ದೇವಸ್ಥಾನದ ಸಭಾಭವನದಲ್ಲಿ ತಾಳಮದ್ದಳೆ ಇದೆಯೆಂದು ತಿಳಿಯಿತು. ಹನ್ನೊಂದು ಜನವೂ ಹೋದೆವು. ಬೇರೆ ಊರಿನವರೆಂದು ತಿಳಿದು ಮುಂದಿನ ಸಾಲಿನಲ್ಲಿ ಕೂರಿಸಿ ಕಾಫಿ ಕೊಟ್ಟರು. ಮಧ್ಯೆ ಕರೆಂಟು ಹೋಯಿತು, ಮಾತು ನಿಲ್ಲಲಿಲ್ಲ. ಹೊರಗೆ ಬರುವಾಗ ಚಪ್ಪಲಿ ಹುಡುಕುತ್ತಿದ್ದ ಅರ್ಥಧಾರಿಗಳು ತಮ್ಮತಮ್ಮಲ್ಲಿ ತುಳುವಿನಲ್ಲಿ ಮಾತಾಡಿಕೊಂಡರು. ಅಕ್ಕಯ್ಯ ನನ್ನ ಕೈ ಜಗ್ಗಿ, "ಇವ್ರ ಮನೆ ಮಾತು ಬ್ಯಾರೆ ಏನೋ? ಮತ್ತೆ ಅಷ್ಟೊತ್ತು ಅಂಥ ಕನ್ನಡ ಆಡಿದ್ರಲ್ಲ!" ಎಂದಳು. ಮೊಮ್ಮಗ, "ಅಜ್ಜಿ, ನಾವೂ ಮನೇಲೊಂದು ಸ್ಕೂಲಲ್ಲೊಂದು ಅಲ್ವಾ" ಎಂದ.

ಹೋಗುವವರಿಗೆ ಒಂದೆರಡು ಮಾತು. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ದಾರಿ ಮುಚ್ಚುತ್ತಾರೆ. ಹಾಸನದಲ್ಲೇ ವಿಚಾರಿಸಿ, ಇಲ್ಲವಾದರೆ ಚಾರ್ಮಾಡಿಯ ಕಡೆಯಿಂದ ಇಳಿಯಿರಿ, ಅದೂ ತೆರೆದಿದ್ದರೆ. ಸೋಮವಾರ ಹಲವು ಸಂಗ್ರಹಾಲಯಗಳಿಗೆ ಬಾಗಿಲು. ಚರ್ಮದ ಚಪ್ಪಲಿ ಬೇಡ, ರಬ್ಬರಿನದು ಸಾಕು. ಬಸದಿ, ಗುಡಿ, ಸಭಾಭವನ ಎಲ್ಲ ಕಡೆ ಹೊರಗೆ ಬಿಡಬೇಕಾದ್ದರಿಂದ ತಲೆಗೊಂದು ಪ್ಲಾಸ್ಟಿಕ್ ಕವರು ಇಟ್ಟುಕೊಳ್ಳಿ. ಎರಡು ಟವೆಲ್ಲು ಹೆಚ್ಚಿಗೆ ಇರಲಿ, ರೇಷ್ಮೆ ಸೀರೆ ಮನೆಯಲ್ಲೇ ಇರಲಿ. ತಾಳಮದ್ದಳೆ ಎಲ್ಲಿದೆ ಎಂದು ತಿಳಿಯಬೇಕಾದರೆ ಹೋಟೆಲಿನ ಗಲ್ಲದಲ್ಲಿ ಕೂತವರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ. ಟಿಕೆಟ್ಟು ಇರುವುದಿಲ್ಲ, ಹೋಗಿ ಕೂತರೆ ಆಯಿತು.